ಪೈಪಿನ ಮೇಲೆ ಎರಡು

ಸಗರದ ಅಮಾತೆಪ್ಪ ಮಾಸ್ತರರು ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎಣಿಸದೇ ಬಿಟ್ಟದ್ದು ಯಾವುದೂ ಇರಲಿಲ್ಲ. ಜನರನ್ನು ಎಣಿಸಿದ್ದರು, ದನಗಳನ್ನು ಎಣಿಸಿದ್ದರು, ಶಾಲೆ ಬಿಟ್ಟ ಮಕ್ಕಳು, ಮತದಾರರು, ಕಕ್ಕಸು ಇದ್ದ ಮನೆ, ಕಟ್ಟಿಸಿಯೂ ಅದರಲ್ಲಿ ಕಟ್ಟಿಗೆ ಒಟ್ಟಿದ ಮನೆ, ಎಲ್ಲವನ್ನೂ ಸರಕಾರ ಹೇಳಿದಂತೆ ಬಾಗಿಲು ಬಾಗಿಲಿಗೆ ನಿಂತು ಎಣಿಸಿದ್ದರು. ಹೀಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ ಅವರು ಯಾರೂ ಹೇಳದೆಯೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹಕ್ಕಿ ಎಣಿಸಲು ಹೊರಟಾಗ, ಅದು ಅವರ ಸ್ವಂತ ಖುಷಿಗೆ ಎಂದು ನಂಬುವವರು ಯಾರೂ ಸಿಗಲಿಲ್ಲ.

ಕ್ಯಾಮೆರಾ ಕೊಟ್ಟವನು ಶಹಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮನ್ಸೂರಅಲಿ. ಮಕ್ಕಳ ಗುರುತಿನ ಚೀಟಿಯ ಫೋಟೋ ತರಲು ಹೋಗಿದ್ದ ಮಾಸ್ತರರು ಸುಮ್ಮನೆ ಕೂತಿರಲಾರದೆ, ಮೂಲೆಯಲ್ಲಿ ಬಿದ್ದಿದ್ದ ಮೊಳದುದ್ದದ ಲೆನ್ಸಿನ ಹಳೆಯ ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದರು. ರಸ್ತೆಯಾಚೆ ಕರೆಂಟಿನ ತಂತಿಯ ಮೇಲೆ ಒಂದು ಕಳ್ಳಿಪೀರ ಕೂತಿತ್ತು. ಹುಟ್ಟಿದಾಗಿನಿಂದ ಆ ಹಸಿರು ಹಕ್ಕಿಯನ್ನು ನೋಡುತ್ತ ಬಂದಿದ್ದರೂ ಅದರ ಕಣ್ಣು ಕೆಂಪು ಎಂಬುದು ಅವರಿಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಅವರಿಗೆ ಯಾರೋ ಎದೆಗೆ ಕೈ ಹಾಕಿ ಅಲುಗಿಸಿದಂತಾಯಿತು.

"ತಗೊಂಡ ಹೋಗ್ರಿ ಸರ," ಎಂದ ಮನ್ಸೂರಅಲಿ. "ಇದ್ರಾಗ ಹತ್ರ ಇದ್ದದ್ದು ಬರಂಗಿಲ್ಲ, ದೂರ ಇದ್ದದ್ದೇ ಬರ್ತದ. ಶಾದಿಗೆ ಒಯ್ದ್ರ ನಾ ಹೊರಗ ರಸ್ತೇದಾಗ ನಿಂದರಬೇಕು. ಅಷ್ಟಾದ್ರೂ ಮದಿಮಗನ ಮೂಗು ಒಂದೇ ಬರ್ತದ."

ಮೊದಮೊದಲು ಮನೆಯಂಗಳದಲ್ಲೇ ನಡೆಯಿತು. ಅವರೆ ಬಳ್ಳಿಯ ಮೇಲೆ ಕೂತ ಕುದುರೆಹುಳವನ್ನು ತೆಗೆಯಲು ಮಾಸ್ತರರು ಹಿತ್ತಿಲ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಾಗುತ್ತಿತ್ತು. ಏರೋಪ್ಲೇನ್ ಚಿಟ್ಟೆಗೆ ಬಚ್ಚಲ ಕಟ್ಟೆ ಹತ್ತಬೇಕಾಗುತ್ತಿತ್ತು. ಹೆಂಡತಿ ದುರಗಮ್ಮ ಕುದುರೆಹುಳದ ಫೋಟೋವನ್ನು ಬಹಳ ಹೊತ್ತು ನೋಡಿ ಹೇಳಿದಳು: "ನಮ್ಮ ಮದಿವಿ ಫೋಟೋದಾಗ ನನ್ನ ಕಣ್ಣು ಮುಚ್ಚಿದಂಗ ಬಂದಾವ. ಈ ಹುಳದ ಕಣ್ಣು ನೋಡ್ರಿ, ಹೆಂಗ ಹೊಳೀತಾವ! ಇದರದ್ದಾದ್ರ ಗ್ವಾಡಿಗೆ ಹಾಕಬಹುದು."

ಅಂಗಳದ ಹುಳಗಳು ಮುಗಿದ ಮೇಲೆ, ಮಳೆಗಾಲದ ಒಂದು ಆದಿತ್ಯವಾರ ಮಾಸ್ತರರು ಖಾಕಿ ಟೋಪಿ ಹಾಕಿಕೊಂಡು ಮೋಟರ್‌ಸೈಕಲ್ ಮೇಲೆ ಕಾಲುವೆಗೆ ಹೋದರು. ನೀರು ಬಿಟ್ಟು ಹದಿನೈದು ದಿನವಾಗಿತ್ತು. ಕಾಲುವೆಯ ತಲೆಭಾಗದಲ್ಲಿ ಖಂಡಪ್ಪ ಎಂಬ ರೈತನ ಊರು. ಆ ಊರಿನ ಉದ್ದಕ್ಕೂ ದಂಡೆಯ ಮೇಲೆ ಪಂಪ್‌ಸೆಟ್ಟುಗಳು ಕೂತಿದ್ದವು, ಅವುಗಳ ಪೈಪುಗಳು ಕಾಲುವೆಗೆ ಬಾಯಿ ಹಚ್ಚಿದ್ದವು. ಪರವಾನಗಿ ಯಾವುದಕ್ಕೂ ಇರಲಿಲ್ಲ. ಮಾಸ್ತರರ ಕಣ್ಣಿಗೆ ಇದೊಂದೂ ಬೀಳಲಿಲ್ಲ. ಅವರಿಗೆ ಕಂಡದ್ದು ಪೈಪುಗಳ ಮೇಲೆ ಕೂತು ನೀರನ್ನೇ ದಿಟ್ಟಿಸುತ್ತಿದ್ದ ಮಿಂಚುಳ್ಳಿಗಳು. ಆ ಹಕ್ಕಿಗೆ ಮೀನು ಹಿಡಿಯಲು ನೀರಿನ ಮೇಲೆ ಚಾಚಿದ ಒಂದು ಆಸರೆ ಬೇಕು. ಗಿಡವೇ ಇಲ್ಲದ ದಂಡೆಯಲ್ಲಿ ಪೈಪಿಗಿಂತ ಒಳ್ಳೆಯ ಆಸರೆ ಇರಲಿಲ್ಲ.

ಮಾಸ್ತರರು ಪ್ರತಿ ಪೈಪಿನ ಎದುರೂ ಮೊಣಕಾಲೂರಿ ಫೋಟೋ ತೆಗೆದರು, ಎಣಿಸುವ ರೂಢಿ ಬಿಡದೆ ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಖಂಡಪ್ಪ ಬರಿಗಾಲಲ್ಲೇ ಓಡಿ ಬಂದ. ಏದುಸಿರು ಬಿಡುತ್ತ ಪುಸ್ತಕಕ್ಕೆ ಇಣುಕಿದ. ಅಲ್ಲಿ ಮುದ್ದಾದ ಅಕ್ಷರದಲ್ಲಿ ಹೀಗಿತ್ತು: "ಸೇತುವೆಯಿಂದ ಎಡಕ್ಕೆ, ಪೈಪಿನ ಮೇಲೆ ಎರಡು. ಮುಂದೆ, ಮೋಟರಿನ ಮೇಲೆ ಒಂದು. ಖಂಡಪ್ಪನ ಹೊಲದ ಹತ್ತಿರ, ನಾಲ್ಕು."

"ಸರ, ನನ್ನವು ನಾಕಿಲ್ರಿ! ಎರಡೇ ಅವ!" ಎಂದ ಖಂಡಪ್ಪ.

"ಇಲ್ಲಪ್ಪ, ನಾಕು ಅವ. ಎರಡು ಹಾರಿ ಹೋದ್ವು, ನೀ ನೋಡಿಲ್ಲ."

ಖಂಡಪ್ಪನ ಮುಖ ಬಿಳಿಚಿತು. "ಏನು ಸರ್ವೇ ಮಾಡಾಕತ್ತೀರ್ರಿ?"

"ಸರ್ವೇ ಅಲ್ಲೋ ಮಾರಾಯ, ಹಕ್ಕಿ! ಹಕ್ಕಿ ಫೋಟೋ ತೆಗಿಯಾಕತ್ತೇನಿ."

ಖಂಡಪ್ಪ ಅವರನ್ನೂ, ಮೊಳದುದ್ದದ ಲೆನ್ಸನ್ನೂ, ಖಾಕಿ ಟೋಪಿಯನ್ನೂ ಒಂದೊಂದಾಗಿ ನೋಡಿದ. ತನ್ನ ಮನೆಯ ದನ ಎಣಿಸಿದ್ದು ಇದೇ ಮಾಸ್ತರ, ಕಕ್ಕಸಿನ ಬಾಗಿಲು ತೆಗೆಸಿ ನೋಡಿದ್ದೂ ಇವರೇ. "ತಿಳೀತ್ರಿ ಸರ. ಹಕ್ಕಿ. ಬರೋಬ್ಬರಿ ಅದ," ಎಂದು ಒಂದು ಕಣ್ಣು ಮಿಟುಕಿಸಿ, ಚಹಾಕ್ಕೆ ಕರೆದುಕೊಂಡು ಹೋದ.

ಮುಂದಿನ ಆದಿತ್ಯವಾರ ಮಾಸ್ತರರು ಹೋದಾಗ ಕಾಲುವೆಯ ದಂಡೆ ಬೋಳಾಗಿತ್ತು. ಮೂರು ಮೈಲಿ ಉದ್ದಕ್ಕೆ ಒಂದು ಪೈಪಿಲ್ಲ, ಒಂದು ಮೋಟರಿಲ್ಲ, ಆದ್ದರಿಂದ ಒಂದು ಮಿಂಚುಳ್ಳಿಯೂ ಇಲ್ಲ. ನೀರು ಮಾತ್ರ ದಂಡೆ ತುಂಬ ಹರಿಯುತ್ತಿತ್ತು. ಮಾಸ್ತರರಿಗೆ ಅಳು ಬಂದಂತಾಯಿತು. ನೆಟ್ಟಗೆ ಖಂಡಪ್ಪನ ಮನೆಗೆ ನಡೆದರು.

"ಖಂಡಪ್ಪ, ನಿನಗ ಕೈ ಮುಗೀತೇನಿ, ಒಂದೇ ಒಂದು ಪೈಪು ಕಾಲುವಿಗೆ ಹಾಕು. ಒಂದು ತಾಸು ಸಾಕು."

ಖಂಡಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ನಾ ಅಂಥ ಮನುಷ್ಯ ಅಲ್ರಿ ಸರ. ಪೈಪು ಅಂದ್ರೇನಂತ ನನಗ ಮಾಲೂಮೇ ಇಲ್ಲ."

"ಅಲ್ಲೋ, ಹೋದ ವಾರ ನಾಕು ಇದ್ವಲ್ಲ!"

"ಅವು ಹಕ್ಕಿ ಅಂತ ನೀವೇ ಅಂದ್ರಲ್ರಿ."

ಮಾಸ್ತರರು ಬಂದ ದಾರಿಗೆ ತಿರುಗಿದರು. ಆದರೆ ಖಂಡಪ್ಪನ ಮನಸ್ಸು ಕೆಟ್ಟದ್ದಲ್ಲ. ಸರಕಾರದ ಮನುಷ್ಯನನ್ನು ಬರಿಗೈಯಲ್ಲಿ ಕಳಿಸುವುದು ಅವನಿಗೆ ಸರಿಬರಲಿಲ್ಲ. ಓಣಿಯಲ್ಲಿ ಕೂಗು ಹಾಕಿದ. ಅರ್ಧ ತಾಸಿನಲ್ಲಿ ಕಾಲುವೆಯ ದಂಡೆಯ ಮೇಲೆ ಸಾಲಾಗಿ ಎರಡು ಹುಂಜ, ಬುಟ್ಟಿಯೊಳಗಿನ ಒಂದು ಪಾರಿವಾಳ, ಪಂಜರದ ಒಂದು ಗಿಣಿ, ಮತ್ತು ಇದರಲ್ಲಿ ತನ್ನ ಫೋಟೋವೂ ಬರಲೆಂದು ಇಳಕಲ್ಲ ಸೀರೆ ಉಟ್ಟು ಬಂದ ಖಂಡಪ್ಪನ ತಾಯಿ ತಿಮ್ಮವ್ವ. ಲೆನ್ಸಿಗೆ ಹತ್ತಿರದವರು ಬರುವುದಿಲ್ಲವಾದ್ದರಿಂದ ಮಾಸ್ತರರು ಹಿಂದೆ ಸರಿಯುತ್ತ ಸರಿಯುತ್ತ ಸೇತುವೆಯ ಮೇಲಿಂದ ಕಾಲುವೆ ದಾಟಿ ಆಚೆ ದಂಡೆಯಿಂದ ತೆಗೆಯಬೇಕಾಯಿತು. ತಿಮ್ಮವ್ವನ ಫೋಟೋ ಚೆನ್ನಾಗಿ ಬಂತು. ಹುಂಜಗಳು ಅಲುಗಾಡಿದ್ದವು.

ಎರಡು ದಿನ ಬಿಟ್ಟು, ಮಂಗಳವಾರ, ಏಳನೆಯ ಮಗ್ಗಿ ಹೇಳಿಸುತ್ತಿದ್ದಾಗ ಶಾಲೆಯ ಅಂಗಳಕ್ಕೆ ಹತ್ತು ಹನ್ನೆರಡು ಮಂದಿ ಹೂವಿನ ಹಾರ ಹಿಡಿದು ಬಂದರು. ಮುಂದಿದ್ದವನು ಯಂಕಣ್ಣ, ಕಾಲುವೆಯ ಕೊನೆಯಂಚಿನ ಊರಿನವನು. ಆ ಊರಿಗೆ ಕಾಲುವೆ ಬಂದು ಎಷ್ಟೋ ವರ್ಷವಾಗಿತ್ತು, ನೀರು ಬಂದಿರಲಿಲ್ಲ. ಒಣಗಿದ ಕಾಲುವೆಯಲ್ಲಿ ಅವರು ಶೇಂಗಾ ಒಣಹಾಕುತ್ತಿದ್ದರು.

"ಆದಿತ್ಯವಾರ ಸಂಜಿಗೆ ನೀರು ಬಂತ್ರಿ ಸರ," ಎಂದು ಯಂಕಣ್ಣ ಮಾಸ್ತರರಿಗೆ ಹಾರ ಹಾಕಿದ. "ಶೇಂಗಾ ಹರಕೊಂಡ ಹೋದ್ವು. ಹೋಗ್ಲಿ ಬಿಡ್ರಿ. ಮ್ಯಾಲಿನವರ ಕಡೆ ವಿಚಾರ ಮಾಡಿದ್ವಿ, ಮಾಸ್ತರು ಸರ್ವೇಕ್ಕ ಬಂದಿದ್ರು, ಮೋಟರ್ ತೆಗದೀವಿ ಅಂದ್ರು. ನೀವು ದಿನಾ ಬರಬೇಕ್ರಿ."

ಮಾಸ್ತರರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸರ್ವೇ ಇಲ್ಲ, ಆದೇಶ ಇಲ್ಲ, ಕೆಂಪು ಕಣ್ಣಿನ ಕಳ್ಳಿಪೀರದಿಂದ ಹಿಡಿದು ಎಲ್ಲ ಹೇಳಿದರು. ಆಶ್ಚರ್ಯವೆಂದರೆ ಯಂಕಣ್ಣ ನಂಬಿದ. ಅವರನ್ನು ನಂಬಿದ ಮೊದಲ ಮನುಷ್ಯ ಅವನೇ.

"ಆಯ್ತ್ರಿ, ಹಕ್ಕೀನೇ ತೆಗೀರಿ. ಏನರ ತೆಗೀರಿ. ದಂಡಿ ಮ್ಯಾಲ ನಿಂತ್ರ ಸಾಕು."

"ಸಾಲಿ ಬಿಟ್ಟು ಹೆಂಗ ಬರ್ಲಪ್ಪ?"

ಹನ್ನೆರಡು ಮಂದಿ ಬೇವಿನ ಗಿಡದ ಕೆಳಗೆ ಕೂತು ವಿಚಾರ ಮಾಡಿದರು. ಆಮೇಲೆ ಯಂಕಣ್ಣ ಬಂದು, "ಹಂಗಾರ ಟೋಪಿ ಕೊಡ್ರಿ ಸರ," ಎಂದ. ಟೋಪಿ ಯಾಕೆ ಎಂದು ಕೇಳುವುದು ಮಾಸ್ತರರಿಗೆ ಹೊಳೆಯಲಿಲ್ಲ. ಹಾರ ಹಾಕಿದವರಿಗೆ ಇಲ್ಲ ಎನ್ನಲಾಗದೆ ಕೊಟ್ಟುಬಿಟ್ಟರು.

ಅದರ ಫಲ ಮೂರನೆಯ ವಾರ ಅಂಚೆಯಲ್ಲಿ ಬಂತು. ಶಾಲೆಯ ಅವಧಿಯಲ್ಲಿ ಅಮಾತೆಪ್ಪ ಮಾಸ್ತರರು ಕಾಲುವೆಯ ಮೇಲೆ ಕ್ಯಾಮೆರಾ ಹಿಡಿದು ನಿಂತಿರುವುದನ್ನು ಹಲವರು ನೋಡಿದ್ದಾರೆಂದೂ, ಕಾರಣ ತಿಳಿಸಬೇಕೆಂದೂ ಮೇಲಿನ ಕಚೇರಿಯಿಂದ ಕಾಗದ. ಮಾಸ್ತರರು ಉತ್ತರ ಬರೆದರು: "ಸದರಿ ದಿನಗಳಂದು ನಾನು ನಲವತ್ತೆರಡು ಮಕ್ಕಳ ಸಮಕ್ಷಮ ಶಾಲೆಯಲ್ಲಿಯೇ ಇದ್ದೆನು. ಅದೇ ಸಮಯಕ್ಕೆ ಕಾಲುವೆಯ ಮೇಲಿದ್ದ ನಾನು ನಾನಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ."

ಕಚೇರಿಯ ಮರು ಉತ್ತರ ಬೇಗ ಬಂತು: "ಹಾಗಿದ್ದಲ್ಲಿ, ಕಾಲುವೆಯ ಮೇಲಿದ್ದ ತಮ್ಮಿಂದಲೂ ಒಂದು ಲಿಖಿತ ಹೇಳಿಕೆ ಪಡೆದು ಲಗತ್ತಿಸತಕ್ಕದ್ದು."

ದುರಗಮ್ಮ ಕಾಗದ ಓದಿಸಿಕೊಂಡು ಕೇಳಿ, "ನಿಮ್ಮನ್ನ ಒಬ್ಬರನ್ನ ಸಂಭಾಳಿಸೋದೇ ಸಾಕಾಗ್ಯಾದ. ಇನ್ನೊಬ್ಬರು ಬ್ಯಾರೆ ಹುಟ್ಟ್ಯಾರೇನು? ಹೋಗಿ ಹುಡುಕ್ರಿ," ಎಂದಳು.

ಆದಿತ್ಯವಾರ ಮಾಸ್ತರರು ತಮ್ಮನ್ನು ತಾವು ಹುಡುಕುತ್ತ ಹೊರಟರು. ಬಹಳ ದೂರ ಹೋಗಬೇಕಾಗಲಿಲ್ಲ. ಖಂಡಪ್ಪನ ಊರಿನ ಸೇತುವೆಯ ಮೇಲೆ ಖಾಕಿ ಟೋಪಿಯ ಒಬ್ಬ ಮನುಷ್ಯ ನಿಂತಿದ್ದ. ಕಪ್ಪು ಬಳಿದ ಚಹಾ ಫ್ಲಾಸ್ಕಿಗೆ ಪಟ್ಟಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಆಗಾಗ ಅದನ್ನು ಕಣ್ಣಿಗೆ ಹಿಡಿದು ನೀರಿನತ್ತ ನೋಡುತ್ತಿದ್ದ. ಟೋಪಿ ಇಲ್ಲದೆ ಬಂದ ಮಾಸ್ತರರನ್ನು ಅವನು ಕೈ ಅಡ್ಡ ಮಾಡಿ ತಡೆದ.

"ಮುಂದ ಹೋಗಬ್ಯಾಡ್ರಿ. ಸರ್ವೇ ನಡದಾದ."

"ಯಾರಪ್ಪ ನೀ?"

"ಸಗರದ ಅಮಾತೆಪ್ಪ ಮಾಸ್ತರ."

"ಅದು ನಾನು."

ಆ ಮನುಷ್ಯ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಹೆಸರು ಸಾಬಣ್ಣ, ಯಂಕಣ್ಣನ ಊರಿನಲ್ಲಿ ಕೂಲಿ ಮಾಡುವವನು. ಕೊನೆಯಂಚಿನವರು ಪಾಳಿ ಹಚ್ಚಿ ದಿನಕ್ಕೊಬ್ಬರನ್ನು ಕಳಿಸುತ್ತಿದ್ದರಂತೆ. ಉಳಿದವರಿಗೆ ಬಿಸಿಲಲ್ಲಿ ನಿಂತು ಬೇಸರ ಬಂದು, ಈಗ ಎಲ್ಲ ಪಾಳಿಯೂ ಇವನ ಪಾಲಿಗೇ ಬಂದಿತ್ತು. ಮಾಸ್ತರರು ಕಚೇರಿಯ ಕಾಗದ ತೋರಿಸಿದರು. ಸಾಬಣ್ಣ ಹೇಳಿಕೆ ಕೊಡಲು ಒಪ್ಪಿದ, ಆದರೆ ಪೆನ್ನು ಹಿಡಿದು ತಡೆದ.

"ಸಹಿ ಯಾರ ಹೆಸರಿಲೆ ಮಾಡ್ಲಿ ಸರ? ಸರ್ವೇ ಚೀಟಿಗೆ ನಿಮ್ಮದು ಮಾಡಿ ಮಾಡಿ ಕೈ ಕುಂತಾದ."

ಸಹಿಯಾದ ಮೇಲೆ ಅವನು ಹೋಗಗೊಡಲಿಲ್ಲ. ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ: "ಸರ, ಬಾಲಕ್ಕ ಎರಡು ತಂತಿ ಇರೋ ಹಕ್ಕಿ ನೋಡೀರೇನು? ನೆತ್ತಿ ಕೆಂಪು. ಈ ಸೇತುವಿ ಬುಡಕ ಮಣ್ಣಿನ ಗೂಡು ಕಟ್ಟ್ಯಾವ. ಮೂರು ಮರಿ. ತಾಯಿ ಹತ್ತು ಸಲ ಬಂದ್ರ ತಂದಿ ಆರು ಸಲ ಬರ್ತಾನ. ನಡುವಿನ ಮರಿಗೆ ಜರಾ ಕಮ್ಮಿ ಸಿಗ್ತದ."

ಮಾಸ್ತರರು ಅವನನ್ನೇ ನೋಡಿದರು. "ಇದೆಲ್ಲ ಹೆಂಗ ಗೊತ್ತು?"

"ದಿನಾ ಇದನ್ನ ಕಣ್ಣಿಗೆ ಹಿಡೀಬೇಕಲ್ರಿ. ಹಿಡದ ಮ್ಯಾಲ ಏನರ ನೋಡಬೇಕಲ್ರಿ," ಎಂದು ಸಾಬಣ್ಣ ಫ್ಲಾಸ್ಕಿನ ಮೇಲೆ ಕೈಯಾಡಿಸಿದ. ಅದರ ತಳವನ್ನು ಅವನು ಒಡೆದು ತೆಗೆದಿದ್ದ. ನೋಡಿದರೆ ಆಚೆ ಬದಿಯ ಆಕಾಶ ಕಾಣುತ್ತಿತ್ತು.

ಅದು ತಂತಿಬಾಲದ ಕವಲುತೋಕೆ. ಮಾಸ್ತರರು ಪುಸ್ತಕದಲ್ಲಿ ಚಿತ್ರ ನೋಡಿದ್ದರು, ಹಕ್ಕಿಯನ್ನು ನೋಡಿರಲಿಲ್ಲ. ಇಬ್ಬರೂ ಕಾಲುವೆಯ ಇಳಿಜಾರಿನಲ್ಲಿ ಹೊಟ್ಟೆಯ ಮೇಲೆ ಮಲಗಿದರು. ಜಾರಿ ನೀರಿಗೆ ಬೀಳದಂತೆ ಸಾಬಣ್ಣ ಮಾಸ್ತರರ ಕಾಲು ಹಿಡಿದುಕೊಂಡ. ತಾಯಿ ಯಾವಾಗ ಬರುತ್ತದೆಂದು ಅವನೇ ಹೇಳುತ್ತಿದ್ದ, "ಈಗ ಬರ್ತಾಳ್ರಿ," ಎಂದಾಗಲೆಲ್ಲ ಬರುತ್ತಿತ್ತು. ನಡುವಿನ ಮರಿ ಬಾಯಿ ತೆರೆದು ಹುಳ ನುಂಗಿದ ಕ್ಷಣ ಕ್ಯಾಮೆರಾಕ್ಕೆ ಸಿಕ್ಕಿತು. ಇಷ್ಟು ವರ್ಷ ಮಾಡಿದ ಎಲ್ಲ ಗಣತಿಗಳಲ್ಲಿ ಮಾಸ್ತರರು ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಮರೆತದ್ದು ಇದೇ ಮೊದಲು.

ಎದ್ದು ನೋಡಿದರೆ ದಂಡೆಯ ಮೇಲೆ ಖಂಡಪ್ಪ ನಿಂತಿದ್ದ. ಒಬ್ಬ ಮಾಸ್ತರನ ಜಾಗದಲ್ಲಿ ಇಬ್ಬರನ್ನು ಕಂಡು ಅವನ ದನಿ ಸಣ್ಣದಾಗಿತ್ತು.

"ಇಬ್ಬರು ಬರೂವಂಗ ಏನಾಗ್ಯಾದ್ರಿ? ಏನು ತೆಗದ್ರಿ, ತೋರಿಸ್ರಿ."

ಮಾಸ್ತರರು ಕ್ಯಾಮೆರಾದ ಹಿಂಬದಿಯ ಪರದೆ ತೋರಿಸಿದರು. ಖಂಡಪ್ಪ ಅದರ ನಾಲ್ಕೂ ಮೂಲೆಯನ್ನು ಬೆರಳಿಟ್ಟು ಹುಡುಕಿದ. ಹಿಂದಿನವನ್ನೂ ತೋರಿಸಿ ಎಂದ. ಬೆಳ್ಳಕ್ಕಿ, ಕಾಜಾಣ, ಏರೋಪ್ಲೇನ್ ಚಿಟ್ಟೆ, ಇಳಕಲ್ಲ ಸೀರೆಯ ತನ್ನ ತಾಯಿ. ಮೊದಮೊದಲ ಚಿತ್ರಗಳಲ್ಲಿ ಅವನ ಪೈಪೂ ಸಿಕ್ಕಿತು, ಆದರೆ ಮಸುಕು ಮಸುಕಾಗಿ. ಸ್ಪಷ್ಟವಾಗಿದ್ದದ್ದು ಅದರ ಮೇಲಿನ ನೀಲಿ ರೆಕ್ಕೆಗಳು. ಖಂಡಪ್ಪನ ಹಣೆಯ ಗೆರೆಗಳು ನಿಧಾನವಾಗಿ ಬಿಚ್ಚಿಕೊಳ್ಳತೊಡಗಿದವು.

"ಸರ, ಹಂಗಾರ ನೀವು ಖರೇನೇ ಹಕ್ಕಿ ತೆಗಿಯಾಕ ಬರ್ತಿದ್ರೇನ್ರಿ? ಸರ್ವೇ ಇಲ್ಲೇ ಇಲ್ಲೇನು?"

ಹೌದು ಎಂಬ ಮಾತು ಮಾಸ್ತರರ ನಾಲಿಗೆಯ ತುದಿಗೆ ಬಂತು. ಎರಡು ತಿಂಗಳಿಂದ ಅವರು ಊರಿಗೆಲ್ಲ ಹೇಳುತ್ತ ಬಂದದ್ದು ಅದನ್ನೇ, ಕೊನೆಗೂ ಖಂಡಪ್ಪನೂ ನಂಬಲು ತಯಾರಾಗಿ ನಿಂತಿದ್ದ. ಪಕ್ಕದಲ್ಲಿ ಸಾಬಣ್ಣ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡಿದ್ದ. ಮಾಸ್ತರರು ಕ್ಯಾಮೆರಾದ ಮುಚ್ಚಳ ಹಾಕಿದರು, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡರು.

"ಅದನ್ನ ಹೇಳಾಕ ನನಗ ಅಧಿಕಾರ ಇಲ್ಲಪ್ಪ," ಎಂದರು.

ಖಂಡಪ್ಪ ಮತ್ತೆ ಬಿಳಿಚಿದ. ಚಹಾ ತರಿಸಿದ, ಇಬ್ಬರಿಗೂ.

ಆ ವಾರವೇ ಅವನು ಯಂಕಣ್ಣನ ಊರಿಗೆ ಹೋಗಿ ಮಾತಾಡಿದ. ವಾರಕ್ಕೆ ನಾಲ್ಕು ದಿನ ಮೇಲಿನವರು ಮೋಟರ್ ಹಚ್ಚುವುದು, ಮೂರು ದಿನ ತೆಗೆಯುವುದು ಎಂದು ಎರಡೂ ಊರಿನವರು ತಮ್ಮೊಳಗೇ ಗೊತ್ತು ಮಾಡಿಕೊಂಡರು. ಹೀಗೆ ಹಂಚಿಕೊಳ್ಳಿ ಎಂದು ಎಷ್ಟೋ ಸಾಹೇಬರು ಜೀಪಿನಲ್ಲಿ ಬಂದು ಹೇಳಿ ಹೋಗಿದ್ದರು, ಯಾರೂ ಕೇಳಿರಲಿಲ್ಲ. ಕಚೇರಿಯವರು ಸಾಬಣ್ಣನ ಹೇಳಿಕೆ ಓದಿ, ಎರಡೂ ಸಹಿಗಳ ಅಕ್ಷರ ಒಂದೇ ತೆರನಾಗಿದೆಯೆಂದು ಟಿಪ್ಪಣಿ ಬರೆದು ಕಡತವನ್ನು ಕಪಾಟಿಗೆ ಸೇರಿಸಿದರು.

"ಖಂಡಪ್ಪಗ ಸುಳ್ಳು ಹೇಳಿದ್ರಲ್ರಿ ಸರ," ಎಂದು ಸಾಬಣ್ಣ ಒಮ್ಮೆ ಮೋಟರ್‌ಸೈಕಲ್ಲಿನ ಹಿಂದೆ ಕೂತು ಕೇಳಿದ.

"ಎಲ್ಲಿ ಹೇಳೀನೋ? ನನಗ ಯಾವ ಅಧಿಕಾರ ಅದ, ನೀನೇ ಹೇಳು."

ಅವರು ಯಂಕಣ್ಣನ ಊರಿಗೆ ಹೊರಟಿದ್ದರು. ಅಲ್ಲಿ ಹತ್ತಿಗೆ ಎರಡನೆಯ ನೀರು ಕಟ್ಟಿದ್ದರು. ತಗ್ಗಿನಲ್ಲಿ ನಿಂತ ನೀರಿಗೆ ಹೆಸರೇ ಗೊತ್ತಿಲ್ಲದ ಉದ್ದ ಕಾಲಿನ ಏಳೆಂಟು ಹಕ್ಕಿಗಳು ಇಳಿದಿವೆಯೆಂದು ಸುದ್ದಿ ಬಂದಿತ್ತು. ಇಬ್ಬರೂ ಬದುವಿನ ಮೇಲೆ ಮಲಗಿ ಸಂಜೆಯತನಕ ನೋಡಿದರು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು, ನೀರು ತಿರುವುತ್ತಿದ್ದ ಗಂಡಸರು, ಒಬ್ಬರೂ ಇವರ ಕಡೆ ತಲೆಯೆತ್ತಿ ನೋಡಲಿಲ್ಲ. ಎಲ್ಲರಿಗೂ ಕೆಲಸವಿತ್ತು.