ಓರಗಿತ್ತಿಯ ರವಿಕೆ

ಪಾರ್ಶ್ವವಾಯು ಹೊಡೆದ ಮೂರನೆಯ ದಿನ, ನನ್ನ ಬಾಯಿ ಒಂದು ಕಡೆಗೆ ವಾಲಿ ಗಂಜಿ ಗಲ್ಲದ ಮೇಲೆ ಇಳಿಯುತ್ತಿದ್ದಾಗ, ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ, ಆಸ್ಪತ್ರೆಯಲ್ಲಿ ನನ್ನ ಫೋಟೊ ತೆಗೆದಳು. ಸಂಜೆಯೊಳಗೆ ಅದು ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿತ್ತು. ಕೆಳಗೆ ಒಂದು ಸಾಲು: 'ಪಾಪ, ಬಲಗೈ ಹೋಯಿತು, ಇನ್ನು ಹೊಲಿಯಲಿಕ್ಕೆ ಆಗುವುದಿಲ್ಲ.' ದುಬೈಯಿಂದ ಬಂಟ್ವಾಳದವರೆಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಪಡೀಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಫೋಟೊ ಅಲ್ಲಿಗೂ ತಲುಪಿ, ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಬಟ್ಟೆ ವಾಪಸ್ ಒಯ್ದರು. ಉಳಿದದ್ದು ಓರಗಿತ್ತಿಯದೇ ಒಂದು ರೇಷ್ಮೆ ರವಿಕೆಯ ಬಟ್ಟೆ. ಅವಳು ಕೇಳಲಿಲ್ಲ, ನಾನೂ ಕೊಡಲಿಲ್ಲ.

ದಿನನಿತ್ಯದ ಕೆಲಸಗಳನ್ನು ಕೈಗೆ ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಗೆ ಬಿಜೈಯ ಒಂದು ಕ್ಲಿನಿಕ್ಕಿಗೆ ಹೋಗತೊಡಗಿದೆ. ಅಲ್ಲಿನ ಥೆರಪಿಸ್ಟ್ ಹುಡುಗಿ ಮೊದಲ ದಿನವೇ ಕೇಳಿದಳು, "ಅಮ್ಮ, ಕೈಯದ್ದು ಒಂದು ಫೋಟೊ ತೆಗೀಲಾ?"

ಬೇಡವೆಂದು ಕಿರುಚಿಬಿಟ್ಟೆ. ಅವಳು ಫೋನು ಕೆಳಗಿಟ್ಟಳು. "ಆಯ್ತು, ನೀವು ಹೇಳದೆ ತೆಗೆಯುದಿಲ್ಲ. ತೆಗೆದ್ರೂ ನಿಮ್ಮ ಫೋನಲ್ಲೇ ಇರ್ತದೆ. ನೀವು ಕಳಿಸಿದ್ರೆ ಮಾತ್ರ ನಾನು ನೋಡ್ತೇನೆ."

ಮೂರನೆಯ ವಾರ ಒಪ್ಪಿದೆ. ಗುಂಡಿ ಹಾಕುವ ಕೈ, ಸೌಟು ಹಿಡಿದ ಕೈ, ಕತ್ತರಿ ಹಿಡಿಯಲು ಒದ್ದಾಡುವ ಕೈ. ಮನೆಯಿಂದ ಫೋಟೊ ಕಳಿಸಿದರೆ ಅವಳು ಬೆರಳಿನ ಸುತ್ತ ಕೆಂಪು ಗೆರೆ ಎಳೆದು, 'ಹೆಬ್ಬೆರಳು ಇನ್ನೂ ಒಳಗೆ ಬರಲಿ' ಎಂದು ಬರೆದು ಕಳಿಸುತ್ತಿದ್ದಳು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಿದ್ದಳು. ಯಾವ ಕೆಲಸ ವಾಪಸ್ ಬೇಕೆಂದು ಕೇಳಿದಾಗ, ರವಿಕೆ ಹೊಲಿಯಬೇಕು ಅಂದೆ. ಯಾರದ್ದೆಂದು ಹೇಳಲಿಲ್ಲ. ಸುಸ್ತಾಗಿ ಕೈಚೆಲ್ಲುವ ಹಾಗಾದ ದಿನ ಗ್ರೂಪು ತೆರೆದು ನನ್ನ ವಕ್ರ ಬಾಯಿಯನ್ನು ನೋಡುತ್ತಿದ್ದೆ. ಆಮೇಲೆ ಮತ್ತೆ ಕತ್ತರಿ ಎತ್ತಿಕೊಳ್ಳುತ್ತಿದ್ದೆ.

ಏಳು ತಿಂಗಳು ಬೇಕಾಯಿತು. ಓರಗಿತ್ತಿ ಮದುವೆಮನೆಗಳಲ್ಲೆಲ್ಲ, ತಾನು ಇಪ್ಪತ್ತು ವರ್ಷದಿಂದ ಒಂದಿಷ್ಟೂ ದಪ್ಪವಾಗಿಲ್ಲ ಎಂದು ಕೊಚ್ಚಿಕೊಳ್ಳುವವಳು. ಹಾಗಾಗಿ ಅಳತೆ ಪುಸ್ತಕದಲ್ಲಿ ಇಪ್ಪತ್ತು ವರ್ಷದ ಹಿಂದೆ, ಅಂಗಡಿ ತೆರೆದಾಗಿನ ಅವಳ ಅಳತೆ ಹುಡುಕಿ, ಅದಕ್ಕೇ ಹೊಲಿದೆ. ಮುಂದೆ ಬಿಚ್ಚಿ ಸಡಿಲ ಮಾಡಲೆಂದು ನಾವು ಹೊಲಿಯುವವರು ಒಳಗೆ ಬಟ್ಟೆ ಬಿಡುತ್ತೇವಲ್ಲ, ಅದನ್ನು ಮಾತ್ರ ಎರಡೂ ಬದಿ ಧಾರಾಳವಾಗಿ ಬಿಟ್ಟೆ. ರವಿಕೆ ತಯಾರಾಗಿದೆಯೆಂದು ಫೋನು ಮಾಡಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ಆದರೂ ಬಂದಳು.

ಅಂಗಡಿಯ ಪರದೆಯ ಹಿಂದೆ ಏದುಸಿರು ಕೇಳಿಸಿತು. "ಇದೆಂತ ಮಾರಾಯ್ತಿ, ಇಷ್ಟು ಬಿಗಿ ಉಂಟು! ಕೈ ಸಿಕ್ಕಿ ಬಿತ್ತು, ಸ್ವಲ್ಪ ಎಳಿ!"

ಪರದೆ ಸರಿಸಿದೆ. ಅವಳ ಒಂದು ಕೈ ಮೇಲೆ ಸಿಕ್ಕಿಕೊಂಡಿತ್ತು, ಹುಕ್ಕುಗಳ ನಡುವೆ ಗೇಣು ಅಂತರ, ಮುಖವೆಲ್ಲ ಬೆವರು. ನಾನು ಬಲಗೈಯಲ್ಲಿ ಫೋನು ಹಿಡಿದು, ಬಲಗೈ ಹೆಬ್ಬೆರಳಿನಿಂದಲೇ ಒತ್ತಿದೆ. ಫೋಟೊ ಒಂಚೂರೂ ಅಲುಗಲಿಲ್ಲ.

"ಅಕ್ಕ, ಗ್ರೂಪಿಗೆ ಹಾಕ್ಲಾ?"

"ಬೇಡ ಮಾರಾಯ್ತಿ, ನಿನ್ನ ದಮ್ಮಯ್ಯ!"

"ನೋಡಿ, ನಾನು ಕೇಳಿದೆ. ನೀವು ಕೇಳಿದ್ರಾ?"

ಅವಳ ಫೋನನ್ನು ಅವಳ ಕೈಗಿತ್ತೆ. ಬಿಡುವಿದ್ದ ಒಂದೇ ಕೈಯಲ್ಲಿ, ನಾನು ಹೇಳಿದಂತೆ ಗ್ರೂಪಿಗೆ ಬರೆದಳು: 'ಅವಳ ಅಂಗಡಿ ತೆರೆದಿದೆ. ನನ್ನ ರವಿಕೆ ಅವಳೇ ಹೊಲಿದದ್ದು. ಅಂದು ಕೇಳದೆ ಫೋಟೊ ಹಾಕಿದ್ದು ನನ್ನ ತಪ್ಪು.' ಆಮೇಲೆಯೇ ನಾನು ರವಿಕೆ ಬಿಡಿಸಿ, ಎರಡೂ ಬದಿಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿದು ಕೊಟ್ಟೆ. ಚೆನ್ನಾಗಿ ಕೂತಿತು. ಕನಿಕರ ಹುಟ್ಟಿತೇ ಎಂದರೆ, ಇಲ್ಲ. ಬಹಳ ಖುಷಿಯಾಯಿತು.

ಮರುದಿನ ಬಿಜೈಯಲ್ಲಿ ಹುಡುಗಿ ಕೇಳಿದಳು, "ನಿನ್ನೆ ಕೈ ಎಂತ ಮಾಡಿತು? ಫೋಟೊ ಉಂಟಾ?" ರವಿಕೆಯ ಹೊಲಿಗೆಯದ್ದನ್ನು ತೋರಿಸಿದೆ. ಇನ್ನೊಂದನ್ನು ತೋರಿಸಲಿಲ್ಲ.

ಈಗ ಯಾವ ಸಮಾರಂಭದಲ್ಲಿ ಸಿಕ್ಕಿದರೂ ಓರಗಿತ್ತಿ ನನ್ನನ್ನು ಮೂಲೆಗೆ ಕರೆದು ಕೇಳುತ್ತಾಳೆ, "ಅದನ್ನು ಡಿಲೀಟ್ ಮಾಡಿದ್ಯಾ?"

"ಹುಡುಕ್ಬೇಕು ಅಕ್ಕ," ಅನ್ನುತ್ತೇನೆ.