ಶಿವರುದ್ರಪ್ಪ ಎಣಿಸಿದ ಇಪ್ಪತ್ತಮೂರು ತೂತು

ಶಿವರುದ್ರಪ್ಪ ಮಾತಾಡುವುದು ಕಡಿಮೆ. ಐರ್ಲೆಂಡಿನ ಕಾರ್ಕ್ ಊರಿನ ಕನ್ನಡಿಗರ ಯುಗಾದಿ ಊಟದಲ್ಲಿ ಅವನ ಪಕ್ಕ ಎರಡು ಗಂಟೆ ಕೂತರೆ ನಿಮಗೆ ಸಿಗುವುದು ಮೂರೇ ಮಾತು. "ಚೆನ್ನಾಗಿದೀರಾ?", "ಸಾರಿಗೆ ಉಪ್ಪು ಕಮ್ಮಿ ಐತೆ", "ಬರ್ತೀವಿ". ಮೊದಲನೆಯದೂ ಕೊನೆಯದೂ ಲೋಕಾರೂಢಿ. ನಡುವಿನದು ಮಾತ್ರ ಯಾವತ್ತೂ ನಿಜ, ಆದ್ದರಿಂದಲೇ ಅಡುಗೆ ಮಾಡಿದವರು ಅವನ ಪಕ್ಕ ಕೂರುವುದಿಲ್ಲ.

ಅದು ಅವನ ಕಸುಬಿನ ದೋಷ. ಹಾಲಿಹಿಲ್ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತೂತು ಹುಡುಕುವುದು, ಹುಡುಕಿದ್ದಕ್ಕೆ ನಂಬರ್ ಹಾಕುವುದು. ತಿಪಟೂರಿನವನು. ಪೀಣ್ಯದಲ್ಲಿ ಹನ್ನೊಂದು ವರ್ಷ, ಇಲ್ಲಿಗೆ ಬಂದು ಹನ್ನೊಂದು ವರ್ಷ ಇದೇ ಕೆಲಸ. ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿದ್ದಾನೆ. ಮೂರು ಸಲವೂ ಒಂದೇ ಕಾರಣ: ರೌಂಡಬೌಟು ಎಂಬ ರಸ್ತೆ ವೃತ್ತ ಖಾಲಿ ಇದ್ದರೂ ನಿಂತು ಕಾಯುತ್ತಾನೆ. ಹಾಗಾಗಿ ಮನೆಯಿರುವ ಡಗ್ಲಸ್‌ನಿಂದ ಆಫೀಸಿಗೆ ಎರಡು ಬಸ್ಸು ಹತ್ತಿ ಹೋಗಿ, ಎರಡು ಬಸ್ಸು ಹತ್ತಿ ಬರುತ್ತಾನೆ. ಹೆಂಡತಿ ವಿನೋದಿನಿ ಫಾರ್ಮಸಿಯಲ್ಲಿ ಕೆಲಸಕ್ಕಿದ್ದಾಳೆ. ಮಗಳು ಪ್ರೇರಣಾ ಐದು ವರ್ಷದವಳಿದ್ದಾಗ ಬಂದವಳು, ಈಗ ಹದಿನಾರು. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ಉತ್ತರ ಕೊಡುವುದು ಕಾರ್ಕ್ ಇಂಗ್ಲಿಷಿನಲ್ಲಿ.

ಅವರ ಮನೆಯಿಂದ ಮೂರನೆಯದು ನಮ್ಮದು. ನಾನು ಭಾಸ್ಕರ, ಮೈಸೂರಿನವನು, ಮಾತಾಡುವುದು ಜಾಸ್ತಿ. ಒಂಬತ್ತನೇ ಕ್ಲಾಸಿನಲ್ಲಿ ಅಂತರ ಪ್ರೌಢಶಾಲಾ ಚರ್ಚಾಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದಿತ್ತು: ಒಂದು ಸ್ಟೀಲ್ ಡಬ್ಬಿ, ತಳದಲ್ಲಿ ನನ್ನ ಹೆಸರು. ಅದು ನನ್ನ ಜೊತೆ ಐರ್ಲೆಂಡಿಗೂ ಬಂದಿದೆ. ನನ್ನ ಹೆಂಡತಿ ಕಾತ್ಯಾಯಿನಿ ಅದರಲ್ಲಿ ಸಾಸಿವೆ ಹಾಕಿಟ್ಟಿದ್ದಾಳೆ. ಮನೆಗೆ ಬಂದವರಿಗೆಲ್ಲ ನಾನು ಡಬ್ಬಿ ಎತ್ತಿ ತಳ ತೋರಿಸುತ್ತೇನೆ, ಅವಳು ಕೆಳಗೆ ಚೆಲ್ಲಿದ ಸಾಸಿವೆ ಗುಡಿಸುತ್ತಾಳೆ.

ಈ ಡಬ್ಬಿಯೇ ಎಡವಟ್ಟಿಗೆ ಕಾರಣ. ಹೋದ ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಪ್ರೇರಣಾ ನಮ್ಮ ಮನೆಗೆ ಬಂದಳು. ಶಾಲೆಯ ಡಿಬೇಟ್ ತಂಡದಲ್ಲಿ ಮೊದಲು ಮಾತಾಡುವವಳು ಅವಳೇ ಎಂದು ಆಗಿತ್ತು. ಶಾಲೆಯಲ್ಲಿ ಫೋನ್ ನಿಷೇಧಿಸಬೇಕು ಎಂಬುದರ ಪರವಾಗಿ ವಾದ ಬರೆಯಬೇಕು.

"ಅಂಕಲ್, ಯೂ ವರ್ ಎ ಡಿಬೇಟರ್, ರೈಟ್?"

"ಅಪ್ಪನ್ನ ಕೇಳಿದ್ಯೇನಮ್ಮ?" ಎಂದೆ, ಮರ್ಯಾದೆಗೆ.

"ಅಪ್ಪ ಡಸಂಟ್ ಟಾಕ್, ಅಂಕಲ್."

ಅವಳು ಮರೆತು ಬಂದಿದ್ದ ಕೋಟು ಹಿಡಿದುಕೊಂಡು ಶಿವರುದ್ರಪ್ಪ ಬಾಗಿಲಲ್ಲೇ ನಿಂತಿದ್ದ. ಕೇಳಿಸಿರಲಿಕ್ಕಿಲ್ಲ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವನು "ಮಳೆ ಬರೋ ಹಂಗೈತೆ" ಎಂದು ಕೋಟನ್ನು ಕುರ್ಚಿಗೆ ಹಾಕಿ ಹೋದ. ಕೋಟಿನ ತೋಳನ್ನು ಸರಿಮಾಡಿ ಹಾಕಿದ ರೀತಿ ನೋಡಿದರೆ ಕೇಳಿಸಿತ್ತು.

ನಾನು ಬರೆದುಕೊಟ್ಟೆ. ನಮ್ಮ ಕಾಲದ ಚರ್ಚಾಸ್ಪರ್ಧೆ ಹೇಗೆಂದು ಬಲ್ಲವರು ಬಲ್ಲರು. ಪರ, ವಿರೋಧ ಎರಡನ್ನೂ ಮೇಷ್ಟ್ರೇ ಬರೆದುಕೊಡುತ್ತಿದ್ದರು. ನಾವು ಎರಡನ್ನೂ ಬಾಯಿಪಾಠ ಮಾಡಿಕೊಂಡು ಹೋಗಿ, ಅವತ್ತು ಯಾವುದಕ್ಕೆ ಹೆಸರು ಕಮ್ಮಿ ಬಿದ್ದಿದೆಯೋ ಅದಕ್ಕೆ ಸೇರಿಕೊಳ್ಳುತ್ತಿದ್ದೆವು. ವೇದಿಕೆಯ ಮೇಲಿರುವ ಅಧ್ಯಕ್ಷರಿಂದ ಹಿಡಿದು ಮೈಕಿನವನ ತನಕ ಎಲ್ಲರಿಗೂ ನಮಸ್ಕಾರ. ಆಮೇಲೊಂದು ಸುಭಾಷಿತ. "ನನ್ನ ಎರಡು ಮಾತು" ಎಂದು ಶುರುಮಾಡಿ ಎಂಟು ನಿಮಿಷ. ಎದುರಿನವನು ಏನು ಹೇಳಿದ ಎಂದು ಕೇಳಿಸಿಕೊಳ್ಳುವ ಗೋಜೇ ಇರಲಿಲ್ಲ, ನಾವು ಮನಸ್ಸಿನಲ್ಲೇ ಮುಂದಿನ ಸಾಲು ಒಪ್ಪಿಸಿಕೊಳ್ಳುತ್ತಿದ್ದೆವು. ನಾನು ಇದನ್ನೇ ಇಂಗ್ಲಿಷಿನಲ್ಲಿ ಇಳಿಸಿದೆ.

ಇಲ್ಲಿನ ಡಿಬೇಟಿನಲ್ಲಿ ಒಬ್ಬರಿಗೆ ಐದು ನಿಮಿಷ. ಮೊದಲ ಒಂದು ನಿಮಿಷ ಎದುರು ತಂಡ ಬಾಯಿ ತೆರೆಯುವಂತಿಲ್ಲ. ಆಮೇಲೆ ಬೆಲ್ ಹೊಡೆಯುತ್ತಾರೆ. ಅಲ್ಲಿಂದ ಅವರು ಎದ್ದು ನಿಂತು ಪ್ರಶ್ನೆ ಕೇಳಬಹುದು. ಆ ಒಂದು ನಿಮಿಷ ಬಂಗಾರ. ಅದನ್ನು ನಾನು ಪೂರ್ತಿ ನಮಸ್ಕಾರಕ್ಕೆ ಖರ್ಚು ಮಾಡಿಸಿದೆ. ಚರ್ಚೆಯ ದಿನ ಹುಡುಗಿ ಟೈಮ್ ನೋಡುವವರಿಗೆ ವಂದನೆ ಹೇಳುವಾಗ ಬೆಲ್ ಆಯಿತು, ಎದುರಿಗೆ ಮೂವರು ಒಟ್ಟಿಗೆ ಎದ್ದು ನಿಂತರು. ಅವರು ಕೇಳಿದ ಪ್ರಶ್ನೆಗೆ ಪ್ರೇರಣಾ ನನ್ನ ಬಾಯಿಪಾಠದ ಮುಂದಿನ ಪ್ಯಾರಾ ಒಪ್ಪಿಸಿದಳು. ತೀರ್ಪುಗಾರ್ತಿ ಕೊನೆಯಲ್ಲಿ, "ಇಷ್ಟು ಸಂಸ್ಕಾರದ ಭಾಷಣ ನಾನು ಕೇಳಿರಲಿಲ್ಲ. ವಾದ ಎಲ್ಲಿದೆ ಅಂತ ಮಾತ್ರ ಹುಡುಕುತ್ತಲೇ ಇದ್ದೆ" ಎಂದರು.

ಡಿಬೇಟ್ ಕಲಿಸುವ ಮಿಸ್ ಡೆಲಾನಿ ಒಳ್ಳೆಯ ಹೆಂಗಸು, ಆದರೆ ನೇರ. ಮುಂದಿನ ಚರ್ಚೆಗೆ ಸರಿಯಾದ ವಾದ ಬರೆದು ತಂದರೆ ಪ್ರೇರಣಾ ಉಳಿಯುತ್ತಾಳೆ. ಇಲ್ಲದಿದ್ದರೆ ಆ ಜಾಗ ಬದಲಿಗೆಂದು ಇಟ್ಟುಕೊಂಡಿದ್ದ ಹುಡುಗಿ ಈಫಾಗೆ. ಪ್ರೇರಣಾ ನನ್ನನ್ನು ಬೈಯಲಿಲ್ಲ. "ಇಟ್ಸ್ ಗ್ರ್ಯಾಂಡ್, ಅಂಕಲ್" ಎಂದಳು. ಇಲ್ಲಿ ಹಾಗೆಂದರೆ ಎಷ್ಟು ಕೆಟ್ಟದ್ದೆಂದು ಹನ್ನೆರಡು ವರ್ಷದಲ್ಲಿ ಕಲಿತಿದ್ದೇನೆ.

ಎರಡನೇ ವಿಷಯ: ಬಸ್ ಪ್ರಯಾಣ ಎಲ್ಲರಿಗೂ ಉಚಿತವಾಗಬೇಕು. ಮತ್ತೆ ಇವಳು ಪರ. ಈ ಸಲ ತಾನೇ ಬರೆದುಕೊಂಡು, ಊಟದ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದಾಳೆ. ಬಂದು ನೋಡಿದರೆ ಪಕ್ಕದಲ್ಲಿ ಅಪ್ಪನ ನೋಟ್‌ಬುಕ್ಕು. ಅದರಲ್ಲಿ ಒಂದರಿಂದ ಇಪ್ಪತ್ತಮೂರರ ತನಕ ನಂಬರು, ಒಂದೊಂದರ ಮುಂದೆ ಒಂದೊಂದು ತೂತು. ಬಸ್ಸು ಬರದಿದ್ದರೆ? ಕೂರಲು ಜಾಗ ಇಲ್ಲದಿದ್ದರೆ? ಹದಿನೇಳನೆಯದು: ಬಸ್ಸು ಜಾಸ್ತಿಯಾದರೆ ಓಡಿಸುವವರು ಯಾರು?

ಹಿಂದಿನ ಸೋಲಿಗೆ ಸಮಾಧಾನ ಹೇಳಲು ಅವರ ಮನೆಗೆ ಹೋದವನು ನಾನು ಅಪ್ಪ ಮಗಳ ನಡುವೆ ಸಿಕ್ಕಿಕೊಂಡೆ.

"ಅಪ್ಪಾ, ಹೂಸ್ ಸೈಡ್ ಆರ್ ಯೂ ಆನ್?"

"ನಿನ್ ಸೈಡೇ. ಅವರು ಹುಡುಕೋಕ್ ಮುಂಚೆ ನಾನು ಹುಡ್ಕಿದೀನಿ."

"ಟ್ವೆಂಟಿ ತ್ರೀ! ಐ ಹ್ಯಾವ್ ಫೈವ್ ಮಿನಿಟ್ಸ್, ಲೈಕ್!"

ವಿನೋದಿನಿ ಅಡುಗೆಮನೆಯಿಂದಲೇ ಕೂಗಿದಳು. "ರೀ, ಎಲ್ಲರ ಮನೆ ದೋಸೇನೂ ತೂತೇ ಅಂತಾರೆ. ಅದಕ್ಕೆ ನೀವು ಒಂದೊಂದ್ ತೂತಿಗೂ ನಂಬರ್ ಹಾಕ್ತಾ ಕೂರ್ತೀರಾ? ಆಫೀಸಲ್ಲಿ ಎಲ್ಲಾನೂ ಒಂದೇ ದಿನ ಸರಿಮಾಡಿಸ್ತೀರೇನು?"

ಶಿವರುದ್ರಪ್ಪ ಯೋಚನೆ ಮಾಡಿದ. ನ್ಯಾಯವಾದ ಪ್ರಶ್ನೆ ಕೇಳಿದರೆ ಅವನಿಗೆ ಸಿಟ್ಟು ಬರುವುದಿಲ್ಲ. "ಇಲ್ಲ. ಮೊದ್ಲು ಜೀವ ತೆಗೆಯೋವು ಮಾತ್ರ." ಕೆಂಪು ಪೆನ್ನು ತೆಗೆದುಕೊಂಡು ಎರಡಕ್ಕೆ ಸುತ್ತು ಹಾಕಿ, ಉಳಿದ ಇಪ್ಪತ್ತೊಂದನ್ನೂ ಹೊಡೆದುಹಾಕಿದ. ಹೊಡೆಯುವಾಗ ಅವನ ಮುಖದಲ್ಲಿ ಹಲ್ಲು ಕೀಳಿಸಿಕೊಳ್ಳುವವನ ಸಂಕಟ.

ಪ್ರೇರಣಾ ಎದುರಿಗೆ ಕೂತಳು. ಕೆಂಪು ಸುತ್ತಿನ ಮೊದಲನೆಯದನ್ನು ತೋರಿಸಿ, ಅದು ತಾಕುವ ಸಾಲನ್ನು ಅಪ್ಪ ಅವಳಿಂದಲೇ ಓದಿಸಿದ.

"ಬಸ್ ಫ್ರೀ ಆದ್ರೆ ಜನ ಕಾರ್ ಬಿಟ್ಟು ಬಸ್ಸಿಗೆ ಬರ್ತಾರೆ," ಎಂದಳು, ಇಂಗ್ಲಿಷಿನಲ್ಲಿ.

"ಯಾಕೆ?"

"ಬಿಕಾಸ್ ಇಟ್ಸ್ ಫ್ರೀ!"

"ನಮ್ ಭಾಸ್ಕರ ಬಿಡ್ತಾನಾ?"

ಅಡುಗೆಮನೆಯಿಂದ ಇಣುಕಿದ ವಿನೋದಿನಿಯೂ ಸೇರಿ ಮೂವರೂ ನನ್ನ ಕಡೆ ತಿರುಗಿದರು. ನನ್ನ ಕಾರಿನಲ್ಲಿ ಸೀಟು ಬಿಸಿ ಮಾಡುವ ಗುಂಡಿ ಇದೆ. "ಮಳೆ ಇಲ್ಲದ ದಿನ ಪ್ರಯತ್ನ ಪಡಬಹುದು" ಎಂದೆ.

"ಹೊಡಿ ಅದನ್ನ," ಎಂದ ಶಿವರುದ್ರಪ್ಪ. "ಇಂಥೋರಿಗಲ್ಲ ಬಸ್ಸು. ಮತ್ಯಾರಿಗೆ?"

"ಪೀಪಲ್ ವಿತೌಟ್ ಕಾರ್ಸ್."

"ಅಂದ್ರೆ? ಒಬ್ಬರ ಹೆಸರು ಹೇಳು."

ಪ್ರೇರಣಾ ಪೆನ್ನು ಕಚ್ಚಿದಳು. "ಮೀ," ಎಂದಳು. ಸಿಟಿಗೆ ಹೋಗಬೇಕೆಂದರೆ ಅಮ್ಮನನ್ನು ಕೇಳಬೇಕು, ಬಸ್ ಕಾರ್ಡಿಗೆ ದುಡ್ಡು ಹಾಕಿಸಲು ಕೇಳಬೇಕು, ಕೊನೆಗೆ ಭಾಸ್ಕರ್ ಅಂಕಲ್‌ನ ಕೇಳಬೇಕು. "ಯೂ ಆಲ್ವೇಸ್ ಹ್ಯಾವ್ ಟು ಆಸ್ಕ್ ಸಮ್‌ಬಡಿ."

"ಅದಕ್ಕೇನು? ಕೇಳಿದ್ರೆ ಏನಾಗುತ್ತೆ?"

ಅವಳು ಮತ್ತೆ ಪೆನ್ನು ಕಚ್ಚಿದಳು. ಅವನು ತಿಪಟೂರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಅವನ ಅಕ್ಕ ಜಯಮಾಲಾ. ನಮ್ಮ ಕಡೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಆಕೆ ತುಮಕೂರಿಗೆ ಹಲ್ಲಿನ ಡಾಕ್ಟರ ಹತ್ತಿರ ಒಬ್ಬಳೇ ಓಡಾಡುತ್ತಾಳೆ.

"ಅಕ್ಕಾ, ಬಸ್ ಫ್ರೀ ಆಗಿದ್ರಿಂದ ನಿಂಗೇನ್ ಉಪಯೋಗ ಆಯ್ತು? ಪುಟ್ಟಿಗೆ ಹೇಳು."

"ಅಯ್ಯೋ ಪುಟ್ಟಿ, ದುಡ್ ಉಳೀತು ಅಂತಾರೆ ಎಲ್ಲಾರೂ. ದುಡ್ಡಲ್ಲ ಕಣೆ ದೊಡ್ಡದು. ಎಲ್ಲಿಗೆ, ಯಾಕೆ, ಈಗ್ಲೇ ಹೋಗ್ಬೇಕಾ ಅಂತ ನಿಮ್ ಮಾವ ಕೇಳ್ತಿದ್ರಲ್ಲ, ಆ ಮೂರು ಪ್ರಶ್ನೆ ತಪ್ತು. ಮೂರಕ್ಕೂ ಉತ್ತರ ಹೇಳೋ ಬದ್ಲು ಹಲ್ ನೋವೇ ವಾಸಿ ಅಂತ ಎರಡು ವರ್ಷ ಸುಮ್ನಿದ್ದೆ." ಹಿಂದಿನಿಂದ ಮಾವನ ಕೆಮ್ಮು ಕೇಳಿಸಿತು. "ಏನ್ರೀ, ಸುಳ್ಳಾ?" ಎಂದಳು ಜಯಮಾಲಾ. ಕೆಮ್ಮು ನಿಂತಿತು.

ಪ್ರೇರಣಾ ಆಗಲೇ ಬರೆಯುತ್ತಿದ್ದಳು. ಫೋನ್ ಇಟ್ಟ ಮೇಲೆ ಶಿವರುದ್ರಪ್ಪ ಕೆಂಪು ಸುತ್ತಿನ ಎರಡನೆಯದನ್ನು ತೋರಿಸಿದ. "ಫ್ರೀ ಬಸ್ಸು ಬರದೇ ಹೋದ್ರೆ ಏನ್ ಮಾಡ್ತೀಯಾ? ಇದನ್ನ ಖಂಡಿತ ಕೇಳ್ತಾರೆ. ನಾನಾಗಿದ್ರೆ ಇದನ್ನೇ ಕೇಳ್ತಿದ್ದೆ."

"ಸರ್ಕಾರ ಜಾಸ್ತಿ ಬಸ್ ಬಿಡುತ್ತೆ ಅನ್ನು" ಎಂದೆ ನಾನು.

"ಯಾಕ್ ಬಿಡುತ್ತೆ?" ಎಂದು ಅಪ್ಪ ಮಗಳು ಒಟ್ಟಿಗೆ ಕೇಳಿದರು. ನಾನು ಕಾಫಿ ಲೋಟ ತೊಳೆಯಲು ಎದ್ದೆ.

ಉತ್ತರ ಪೀಣ್ಯದಿಂದ ಬಂತು. ಶಿವರುದ್ರಪ್ಪ ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. "ಹಳೇ ಕಂಪನೀಲಿ ಸಾಫ್ಟ್‌ವೇರಲ್ಲಿ ಒಂದು ತೊಂದ್ರೆ ಇತ್ತು. ಸಾವಿರ ಜನಕ್ಕೆ ಆಗ್ತಿತ್ತು. ಎಂಟು ತಿಂಗಳು ಪಟ್ಟೀಲೇ ಕೂತಿತ್ತು. ಒಂದಿನ ಎಂಡಿ ಫೋನಲ್ಲೂ ಅದೇ ಆಯ್ತು. ಸಂಜೆಗೆ ಸರಿಹೋಯ್ತು. ಸ್ಟಾಪಲ್ಲಿ ಈಗ ಕಾಯೋರು ಯಾರು? ನಾನು, ಮುದುಕರು, ನಿನ್ನಂಥ ಹುಡುಗ್ರು. ನಾವ್ ಹೇಳಿದ್ರೆ ಯಾರ್ ಕೇಳ್ತಾರೆ? ಫ್ರೀ ಅಂದ್ರೆ ಮಾತು ನಡೆಯೋರೂ ನಾಕು ಜನ ಬಂದು ನಿಲ್ತಾರೆ."

ಚರ್ಚೆ ಮಂಗಳವಾರ ಸಂಜೆ ಆರಕ್ಕೆ, ಸಿಟಿಯ ಇನ್ನೊಂದು ಶಾಲೆಯ ಹಾಲಿನಲ್ಲಿ. ಕರೆದುಕೊಂಡು ಹೋಗಿದ್ದು ನಾನೇ, ಬಿಸಿ ಸೀಟಿನ ಕಾರಿನಲ್ಲಿ. ಶಿವರುದ್ರಪ್ಪ ಕೊನೆಯ ಸಾಲಿನಲ್ಲಿ ನೋಟ್‌ಬುಕ್ ಮಡಿಲಲ್ಲಿಟ್ಟು ಕೂತ.

ಪ್ರೇರಣಾಳ ನಮಸ್ಕಾರ ಒಂದೇ ಉಸಿರಿನಲ್ಲಿ ಮುಗಿಯಿತು, ನನ್ನ ಎದೆಗೆ ಚುಚ್ಚಿದಂತಾಯಿತು. ಬೆಲ್ ಹೊಡೆಯುವಷ್ಟರಲ್ಲಿ ಜಯಮಾಲಾ ಹೇಳಿದ್ದ ಮೂರು ಪ್ರಶ್ನೆ ಕಾರ್ಕಿನ ಹಾಲಿನಲ್ಲಿ ನಿಂತಿದ್ದವು. ಹಲ್ಲು ನೋವಿನ ಹತ್ತಿರ ತೀರ್ಪುಗಾರರೊಬ್ಬರು ತಮ್ಮ ದವಡೆ ಮುಟ್ಟಿಕೊಂಡರು. ಬೆಲ್ಲಾದ ತಕ್ಷಣ ಎದುರು ತಂಡದ ಎತ್ತರದ ಹುಡುಗ ಎದ್ದು, ಬರದೇ ಇರುವ ಬಸ್ಸು ಉಚಿತವಾದರೇನು, ದುಬಾರಿಯಾದರೇನು ಎಂದ. ಸಭೆಯೆಲ್ಲ ನಕ್ಕಿತು. ಶಿವರುದ್ರಪ್ಪ ತಲೆ ಎತ್ತಲಿಲ್ಲ.

"ಒಪ್ಪುತ್ತೇನೆ," ಎಂದಳು ಪ್ರೇರಣಾ. ಹುಡುಗ ಗಾಬರಿಯಾದ. "ಇವತ್ತು ಆ ಸ್ಟಾಪಿನಲ್ಲಿ ಕಾಯುತ್ತಿರುವುದು ನನ್ನಪ್ಪ. ಅವರು ಯಾರಿಗೂ ಏನೂ ಹೇಳುವುದಿಲ್ಲ. ನಾಳೆ ನಿಮ್ಮಪ್ಪನೂ ಅಲ್ಲೇ ನಿಂತು ನೋಡಲಿ. ಬಸ್ಸು ಬರುತ್ತದೆ." ಈ ಸಲದ ನಗು ಅವಳ ಕಡೆಗಿತ್ತು. ನಾನು ಪಕ್ಕಕ್ಕೆ ತಿರುಗಿದೆ. ಶಿವರುದ್ರಪ್ಪ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದ.

ಗೆದ್ದರು ಎಂದು ಬರೆಯಲು ನನಗೂ ಆಸೆ. ಎದುರು ತಂಡದಲ್ಲಿ ಮೂರನೆಯವಳಾಗಿ ಮಾತಾಡುವ ಹುಡುಗಿ ಎದ್ದು, ಬಸ್ಸು ಹೆಚ್ಚಿಸಿದರೆ ಓಡಿಸುವವರನ್ನು ಎಲ್ಲಿಂದ ತರುತ್ತೀರಿ ಎಂದು ಹಿಡಿದುಕೊಂಡಳು, ಬಿಡಲೇ ಇಲ್ಲ. "ಹದಿನೇಳು," ಎಂದ ಶಿವರುದ್ರಪ್ಪ, ಕಳೆದುಹೋದ ಚಪ್ಪಲಿ ಬೇರೆಯವರ ಕಾಲಲ್ಲಿ ಕಂಡಂತೆ. ಮೂರು ಅಂಕದಿಂದ ಸೋತರು.

ಮಿಸ್ ಡೆಲಾನಿ ಹೊರಗೆ ಬಂದು ಪ್ರೇರಣಾಳ ಕೈಗೆ ಒಂದು ಹಾಳೆ ಕೊಟ್ಟರು. ಮುಂದಿನ ವಿಷಯ ಅದರಲ್ಲಿತ್ತು. "ನೀನೇ ಮೊದಲು," ಎಂದರು. "ಇದು ವಾದ. ಹೀಗೇ ಬರೆ."

ಕಾರಿನಲ್ಲಿ ನಾನು, ಮುಂದಿನ ಸಲಕ್ಕೆ ಒಂದೇ ಒಂದು ಸುಭಾಷಿತ, ಚಿಕ್ಕದು, ಸೇರಿಸಿದರೆ ಹೇಗೆ ಎಂದು ವಿಚಾರ ಎತ್ತಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಹಿಂದಿನ ಸೀಟಿನಲ್ಲಿ ಅಪ್ಪ ಮಗಳು.

"ಅಪ್ಪಾ, ಹದಿನೇಳು ಬಿಟ್ಟಿದ್ದು ತಪ್ಪು," ಎಂದಳು. ಕನ್ನಡದಲ್ಲೇ.

"ನಿಂದಲ್ಲ. ಹೊಡ್ದಿದ್ದು ನಾನು. ಮೂರು ಇಟ್ಕೋಬೇಕಿತ್ತು."

"ಹಂಗಾದ್ರೆ ಮೂರು, ಸೋ." ಹಾಳೆ ಅವನ ಕೈಗೆ ದಾಟಿತು. "ಇದ್ರಲ್ಲಿ ನೋಡು."

ಅವನು ಕನ್ನಡಕ ಏರಿಸಿಕೊಂಡು ಓದತೊಡಗಿದ. ನಾನು ರೌಂಡಬೌಟಿಗೆ ಬಂದೆ. ಖಾಲಿ ಇತ್ತು.

"ನಿಲ್ಸು," ಎಂದ, ಹಾಳೆಯಿಂದ ಕಣ್ಣು ತೆಗೆಯದೆ.

"ಯಾರೂ ಬರ್ತಿಲ್ವಲ್ಲೋ ಮಾರಾಯ."

"ಬರಬೋದು," ಎಂದರು ಇಬ್ಬರೂ.