ಮುಲಾಮು ಅರೆದ ಕೈ

ಕಂಪೌಂಡರ್ ಚಾಚಾರ ಬಲಗೈ ಹೆಬ್ಬೆರಳು ಪಿಂಗಾಣಿ ಒರಳಿನ ಗುಂಡು ಹಿಡಿದು ಹಿಡಿದು ಹೊರಕ್ಕೆ ಬಾಗಿತ್ತು. ಆ ಕೈ ನಡುಗಿದ್ದನ್ನು ನಾನು ಕಂಡಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವಳಲ್ಲ, ಇದೊಂದನ್ನು ನಂಬುತ್ತೇನೆ.

ಎಪ್ಪತ್ತರ ದಶಕದ ಒಂದು ಬೇಸಿಗೆ. ಪಂಪ್ ಸ್ಟೌ ಸಿಡಿದು ತಂಗಿಯ ಕುತ್ತಿಗೆ ಸುಟ್ಟಿತ್ತು. ಗಾಯ ಮಾಯ್ದ ಮೇಲೆ ಚರ್ಮ ಬಿಗಿಯತೊಡಗಿತು. ಮೆತ್ತಗಿಡದಿದ್ದರೆ ಗದ್ದ ಎದೆಗೇ ಅಂಟೀತು ಎಂದರು ಡಾಕ್ಟರು. ಕೊಬ್ಬರಿ ಎಣ್ಣೆ ಬಳ್ಳಾರಿಯ ಸೆಕೆಗೆ ಬೆವರಿನೊಂದಿಗೆ ಇಳಿದುಹೋಗುತ್ತಿತ್ತು. ಕೌಲ್ ಬಜಾರಿನ ನಮ್ಮ ಓಣಿಯಲ್ಲೇ ಇದ್ದ ಚಾಚಾ ದಿನಾ ಮನೆಗೆ ಬಂದು, ಜೈತೂನ್, ಅಂದರೆ ಆಲಿವ್ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ, ಬಿಳಿಗಾರ ಬೆರೆಸಿದ ಪನ್ನೀರನ್ನು ಹನಿಹನಿಯಾಗಿ ಬಿಟ್ಟು ಅರೆಯುತ್ತಿದ್ದರು. ಬೆಣ್ಣೆಯಂಥ ಬಿಳಿ ಮುಲಾಮು.

“ಎರಡೂ ಒಂದೇ ಬಿಸಿ ಇರಬೇಕವ್ವಾ. ಪನ್ನೀರು ತಣ್ಣಗಿದ್ರ ಒಡದು ಹೋಗತೈತಿ.”

ಹಚ್ಚಿದ ಮೇಲೆ, ತಂಗಿಯ ನೋಟ ಮುಟ್ಟಿದಷ್ಟು ಎತ್ತರಕ್ಕೆ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. “ಮ್ಯಾಲ ನೋಡಲೇ ಬೇಟಿ. ನಿನ್ನೆ ಹಲ್ಲಿ ನೋಡಿದಿ, ಇವತ್ತು ಅದರ ಹೆಂಡ್ತೀನ್ನ ನೋಡು.” ಅವಳು ಅಳುತ್ತಲೇ ನಗುತ್ತಿದ್ದಳು. ಗೆರೆ ಬೆರಳಷ್ಟು ಬೆರಳಷ್ಟು ಏರುತ್ತಿತ್ತು.

ಜೈತೂನ್ ಎಣ್ಣೆ ಮುಗಿಯುತ್ತ ಬಂತು. ಊರಿನ ಯಾವ ಔಷಧಿ ಅಂಗಡಿಯಲ್ಲೂ ಸಿಗಲಿಲ್ಲ. ಚಾಚಾ ಸಿರುಗುಪ್ಪ, ಕುರುಗೋಡಿಗೂ ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ಬಂದರು. ಉಳಿದದ್ದು ಒಂದು ಸಲಕ್ಕೆ. ಅದನ್ನು ಮೇಣದೊಂದಿಗೆ ಕರಗಲಿಟ್ಟು, “ಬರೋತನ ಮುಟ್ಟಬ್ಯಾಡ” ಎಂದು ಮಧ್ಯಾಹ್ನದ ನಮಾಜಿಗೆ ಹೋದರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ಕಾಯಿಸದ ಪನ್ನೀರನ್ನು ಸುರಿದುಬಿಟ್ಟೆ. ಅವಸರದಿಂದಲೋ, ನನಗೂ ಗೊತ್ತೆಂಬ ಜಂಬದಿಂದಲೋ, ಇವತ್ತಿಗೂ ತೀರ್ಮಾನವಾಗಿಲ್ಲ. ಒಡೆದ ಹಾಲಿನಂತಾಯಿತು.

ಚಾಚಾ ಬಂದು ನೋಡಿದರು. “ಯುನಿವರ್ಸಿಟ್ಯಾಗ ನೀರು ಕಾಸಾದು ಕಲಿಸಂಗಿಲ್ಲೇನವ್ವಾ?” ಅಷ್ಟೇ. ಮತ್ತೆ ಕಾಯಿಸಿ ಸಂಜೆವರೆಗೂ ಅರೆದರು. ಕೂಡಲಿಲ್ಲ. ಶಾಲಾ ಮೇಷ್ಟರಾಗಿದ್ದ ಅಪ್ಪ ಒಳಗೆ ಬಂದಾಗ, ನಾನು ಬಾಯಿ ತೆರೆಯುವ ಮೊದಲೇ ಚಾಚಾ ಎಂದರು: “ನನ್ನ ಕೈ ನಡುಗಿತ್ರಿ ಮೇಷ್ಟ್ರ. ವಯಸ್ಸಾತು.”

“ಹಂಗಾರ ನಾಳಿಂದ ತ್ರಾಸು ತಗೋಬ್ಯಾಡ್ರಿ ಸಾಹೇಬ್ರ,” ಎಂದರು ಅಪ್ಪ.

ನಾನು ಒಡೆದ ಮುಲಾಮನ್ನು ಹಿತ್ತಲಿಗೆ ಚೆಲ್ಲಿ ಒರಳು ತೊಳೆದಿಟ್ಟೆ.

ತಿಂಗಳ ಮೇಲೆ ಎಣ್ಣೆ ಸಿಕ್ಕಾಗಲೂ ಅರೆಯಲು ಅವರನ್ನು ಯಾರೂ ಕರೆಯಲಿಲ್ಲ. ಅಷ್ಟರಲ್ಲಿ ಗೆರೆ ನಾಲ್ಕು ಬೆರಳು ಇಳಿದಿತ್ತು. ಮತ್ತೆ ಏರಲಿಲ್ಲ.

ಮರುವರ್ಷ ಚಾಚಾ ತೀರಿಕೊಂಡರು. ಜನಾಜಾ ಹೆಗಲುಗಳ ಮೇಲೆ ನಮ್ಮ ಬಾಗಿಲ ಮುಂದೆ ಹೋಗುತ್ತಿದ್ದಾಗ ತಂಗಿ ನನ್ನ ಕೈ ಹಿಡಿದಳು. “ಅಕ್ಕಾ, ಅಷ್ಟು ಮ್ಯಾಲ ನೋಡಾಕ ಆಗವಲ್ದು. ನೀ ನೋಡಿ ಹೇಳು.”

ಕುತ್ತಿಗೆಗೆ ಏನೂ ಆಗಿರದ ನಾನು ನೆಲ ನೋಡುತ್ತ ನಿಂತಿದ್ದೆ.